ಕೋಳಿಮರಿಯ ಜೊತೆ ನಾಯಿಮರಿ ಇನ್ನು ಕೊಡುವುದಿಲ್ಲ: ಗ್ರಾಹಕರಿಗೆ ಪತ್ರ

ಮುಧೋಳ, ಬಾಗಲಕೋಟೆ ಜಿಲ್ಲೆ

ಮಾನ್ಯ ಗ್ರಾಹಕರೇ, ನಮಸ್ಕಾರ.

ಜವಾರಿ ಕೋಳಿಮರಿ ಒಯ್ಯುವವರು ಕೇಳಿದರೆ, ಕೋಳಿ ಕಾಯಲೆಂದು ನಮ್ಮ ಸಂಘದಿಂದ ಎರಡು ತಿಂಗಳ ನಾಯಿಮರಿಯನ್ನೂ ಕೊಡುತ್ತಿದ್ದೆವು. ಈ ದೀಪಾವಳಿಯಿಂದ ಅದನ್ನು ನಿಲ್ಲಿಸುತ್ತಿದ್ದೇವೆ. ಬದಲಿಗೆ, ಕೋಳಿಗಳ ನಡುವೆಯೇ ಬೆಳೆದು ಹತ್ತು ತಿಂಗಳು ತುಂಬಿದ ನಾಯಿ ಕೊಡುತ್ತೇವೆ. ಹೆಚ್ಚು ದಿನ ಕಾಯಬೇಕು, ಬೆಲೆಯೂ ಹೆಚ್ಚು. ಕಾರಣವನ್ನು ಬಿಡಿಸಿ ಹೇಳುವುದು ನಮ್ಮ ಹೊಣೆ.

ನಾಯಿಮರಿ ಕೆಡುವುದು ನಾಲ್ಕರಿಂದ ಎಂಟು ತಿಂಗಳ ನಡುವೆ. ಆ ವಯಸ್ಸಿನಲ್ಲಿ ಅದಕ್ಕೆ ಹಸಿವಿಗಿಂತ ಆಟ ದೊಡ್ಡದು. ಕೋಳಿ ಓಡುತ್ತದೆ, ಕೂಗುತ್ತದೆ, ರೆಕ್ಕೆ ಬಡಿಯುತ್ತದೆ. ಅಟ್ಟಿಸಿಕೊಂಡು ಹೋಗುವುದೇ ಮರಿಗೆ ಸುಖ. ಒಂದು ಕೋಳಿ ಬಾಯಿಗೆ ಸಿಕ್ಕು ಸತ್ತರೆ ಚಟ ಹತ್ತಿತೆಂದೇ ತಿಳಿಯಿರಿ. ಸತ್ತ ಕೋಳಿಯನ್ನು ಕೊರಳಿಗೆ ಕಟ್ಟಿದರೆ ಚಟ ಬಿಡುತ್ತದೆ ಎಂಬ ಮಾತಿದೆ. ಬಿಡುವುದಿಲ್ಲ, ನಾಯಿ ನರಳುತ್ತದೆ, ಅಷ್ಟೇ. ಹೊಲದ ಕೆಲಸದ ನಡುವೆ ಈ ನಾಲ್ಕು ತಿಂಗಳು ಮರಿಯ ಮೇಲೆ ಕಣ್ಣಿಡುವುದು ಮನೆಯವರಿಗೆ ಕಷ್ಟ. ಆ ಭಾರವನ್ನು ನಾವೇ ಹೊರುವುದು ಸರಿ ಅನ್ನಿಸಿತು.

ಮುಧೋಳದಲ್ಲಿದ್ದುಕೊಂಡು ಮುಧೋಳ ನಾಯಿಯನ್ನೇ ಯಾಕೆ ಕೊಡುವುದಿಲ್ಲ ಎಂದು ಹಲವರು ಕೇಳುತ್ತಾರೆ. ಆ ತಳಿಯ ಮೇಲೆ ನಮಗೆ ಅಪಾರ ಅಭಿಮಾನವಿದೆ. 2005ರಲ್ಲಿ ಅದರ ಅಂಚೆಚೀಟಿಯೇ ಬಂದಿದೆ, ತಿಮ್ಮಾಪುರದಲ್ಲಿ ಅದಕ್ಕಾಗಿ ಸಂಶೋಧನಾ ಕೇಂದ್ರವಿದೆ. ಆದರೆ ಅದು ಕಣ್ಣಿಗೆ ಬಿದ್ದದ್ದನ್ನು ಬೆನ್ನಟ್ಟುವ ಬೇಟೆನಾಯಿ. ಮೊಲದ ಹಿಂದೆ ಓಡಲೆಂದೇ ತಲೆತಲಾಂತರದಿಂದ ಸಾಕಿದ ನಾಯಿಗೆ ಓಡುವ ಕೋಳಿಯನ್ನು ನೋಡಿ ಸುಮ್ಮನೆ ಕೂಡು ಅಂದರೆ ಅದಕ್ಕೂ ಹಿಂಸೆ. ಕೋಳಿ ಕಾಯಲು ಕುರಿಹಟ್ಟಿಯ ನಾಯಿಗಳ ಮರಿಗಳೇ ಲೇಸು. ಅವುಗಳ ತಾಯಿ ಹಿಂಡಿನ ಪಕ್ಕದಲ್ಲೇ ಮಲಗಿ ಬೆಳೆದದ್ದು.

ಮರಿಯನ್ನು ಎಂಟನೇ ವಾರಕ್ಕೆ ತಂದು, ಮೊದಲ ಆರು ವಾರ ಕೋಳಿದಡ್ಡಿಯ ಪಕ್ಕದಲ್ಲೇ, ನಡುವೆ ಜಾಲರಿ ಇಟ್ಟು ಮಲಗಿಸುತ್ತೇವೆ. ಆಮೇಲೆ ದಿನಕ್ಕೆ ಎರಡು ಸಲ, ಹೊಟ್ಟೆ ತುಂಬ ಉಣಿಸಿದ ಮೇಲೆ, ಹಗ್ಗ ಹಿಡಿದು ಕೋಳಿಗಳ ನಡುವೆ ಕಾಲು ಗಂಟೆ ತಿರುಗಾಡಿಸುವುದು. ಇಲ್ಲಿ ನೋಡಬೇಕಾದದ್ದು ನಾಯಿಯ ಮೈಯನ್ನು. ಬಾಯಿ ಮುಚ್ಚಿ, ಕಿವಿ ಮುಂದೆ ಮಾಡಿ, ಒಂದೇ ಕೋಳಿಯ ಮೇಲೆ ಕಣ್ಣು ನೆಟ್ಟು, ಮುಂಗಾಲೊಂದನ್ನು ಎತ್ತಿ ನಿಂತಿತೆಂದರೆ ಮುಂದಿನ ಗಳಿಗೆಯಲ್ಲಿ ಜಿಗಿಯುತ್ತದೆ. ಆಗಲೇ ಹೆಸರು ಹಿಡಿದು ಕರೆದು ತಿರುಗಿಸಬೇಕು. ಜಿಗಿದ ಮೇಲೆ ಬೈದು ಫಲವಿಲ್ಲ. ಕೋಳಿ ಹತ್ತಿರ ಬಂದಾಗ ಮುಖ ಆಚೆ ತಿರುಗಿಸಿ, ಆಕಳಿಸಿ ಮಲಗುವ ನಾಯಿ ದಾರಿಗೆ ಬಂದಿದೆ. ಹಾಗಿದ್ದರೂ ಎರಡು ವರ್ಷ ತುಂಬುವವರೆಗೆ ಮರಿಕೋಳಿಗಳ ಜೊತೆ ಒಂಟಿಯಾಗಿ ಬಿಡಬೇಡಿ.

ನಾಯಿ ಬಂತೆಂದು ಗೂಡು ಸಡಿಲ ಬಿಡುವಂತಿಲ್ಲ. ನರಿ, ಬೀದಿನಾಯಿ, ಕಾಡುಬೆಕ್ಕನ್ನು ಅದು ದೂರ ಇಡುತ್ತದೆ. ಗಿಡುಗನಿಗೆ ಅದರ ಹೆದರಿಕೆ ಕಡಿಮೆ. ಅಂಗಳದಲ್ಲಿ ಅಲ್ಲಲ್ಲಿ ಕಣಕಿ (ಜೋಳದ ಒಣ ದಂಟು) ಅಥವಾ ಕಬ್ಬಿನ ರವದಿಯ (ಒಣ ಸೋಗೆಯ) ತಗ್ಗು ಚಪ್ಪರ ಹಾಕಿ, ಕೋಳಿ ಓಡಿ ಅಡಗಲು ಜಾಗವಿರಲಿ. ಮುಂಗುಸಿ ಹಗಲುಹೊತ್ತೇ ಬರುತ್ತದೆ, ಎರಡು ಇಂಚಿನ ಸಂದಿಯಲ್ಲೂ ತೂರುತ್ತದೆ. ಗೂಡಿಗೆ ಅರ್ಧ ಇಂಚಿನ ಬೆಸುಗೆ ಜಾಲರಿಯೇ ಬೇಕು. ಷಟ್ಕೋನದ ತೆಳು ಕೋಳಿಬಲೆಯನ್ನು ನಾಯಿ ಹಲ್ಲಿನಿಂದಲೇ ಹರಿಯುತ್ತದೆ. ಬುಡದಲ್ಲಿ ಒಂದೂವರೆ ಅಡಿ ಜಾಲರಿಯನ್ನು ಹೊರಮುಖವಾಗಿ ನೆಲಕ್ಕೆ ಹಾಸಿ ಕಲ್ಲು ಹೇರಿ. ಎರಿಭೂಮಿಯವರು, ಅಂದರೆ ಕಪ್ಪು ಮಣ್ಣಿನ ನೆಲದವರು, ಬೇಸಿಗೆಯಲ್ಲಿ ಈ ಅಂಚನ್ನು ವಾರಕ್ಕೊಮ್ಮೆ ನೋಡಲೇಬೇಕು. ನೆಲ ಬಿರಿದಾಗ ಕಲ್ಲು ಸರಿದು ಸಂದಿ ಬೀಳುತ್ತದೆ.

ಕೋಳಿ ಸತ್ತರೆ ತಕ್ಷಣ ನಾಯಿಯನ್ನು ಹೊಡೆಯಬೇಡಿ, ಮೊದಲು ಗುರುತು ನೋಡಿ. ಹಲವು ಕೋಳಿ ಸತ್ತು ತಿನ್ನದೆ ಬಿದ್ದಿದ್ದರೆ ನಾಯಿಯ ಕೆಲಸ, ಬಹಳ ಸಲ ಹೊರಗಿನದ್ದು. ಇಡೀ ಕೋಳಿಯೇ ಮಾಯವಾಗಿ ಬೇಲಿಯತ್ತ ಪುಕ್ಕದ ಸಾಲಿದ್ದರೆ ನರಿ ಇರಬಹುದು. ಒಂದೇ ಕಡೆ ಪುಕ್ಕ ಕಿತ್ತು ಗುಡ್ಡೆ ಬಿದ್ದಿದ್ದರೆ ಗಿಡುಗ. ಚಿಪ್ಪೂ ಉಳಿಯದೆ ತತ್ತಿ ಹೋದರೆ ಹಾವನ್ನು ಶಂಕಿಸಿ. ವಿಷವಿಡುವುದು, ಉರುಲು ಹಾಕುವುದು ಬೇಡವೇ ಬೇಡ. 1972ರ ವನ್ಯಜೀವಿ ಕಾಯ್ದೆಯಡಿ ನರಿ, ಮುಂಗುಸಿಗಳನ್ನು ಕೊಲ್ಲುವುದು ಅಪರಾಧ. ಮೇಲಾಗಿ ಆ ವಿಷವನ್ನು ಮೊದಲು ತಿನ್ನುವುದು ನಿಮ್ಮದೇ ನಾಯಿ.

ಊಟಕ್ಕೆ ರೊಟ್ಟಿ, ಹಾಲು, ಬೇಯಿಸಿದ ತತ್ತಿ ಸಾಕಾಗುತ್ತದೆ. ವಾರಕ್ಕೆರಡು ಸಲ ಬೇಯಿಸಿದ ಮಾಂಸ, ಎಲುಬು ತೆಗೆದು. ಹಸಿ ತತ್ತಿ, ಕೋಳಿ ಕೊಯ್ದ ಕರುಳು, ಪುಕ್ಕ ನಾಯಿಗೆ ಎಸೆಯಬೇಡಿ, ರುಚಿ ಹತ್ತುತ್ತದೆ. ಕೊಕ್ಕರೆ ರೋಗದಿಂದ (ರಾಣಿಖೇತ್ ಎಂಬ ಕೋಳಿಗಳ ಅಂಟುರೋಗ) ಸತ್ತ ಕೋಳಿಯನ್ನು ಸುಣ್ಣ ಹಾಕಿ ಆಳವಾಗಿ ಹೂಳಿ. ಇಲ್ಲದಿದ್ದರೆ ನಾಯಿ ಎಳೆದಾಡಿ ರೋಗವನ್ನು ಅಂಗಳದ ತುಂಬ ಹಬ್ಬಿಸುತ್ತದೆ. ರೇಬಿಸ್ ಲಸಿಕೆಯನ್ನು ನಾವು ಮೂರನೇ ತಿಂಗಳಿಗೆ ಹಾಕಿಸಿ ಕೊಡುತ್ತೇವೆ. ಮುಂದೆ ವರ್ಷಕ್ಕೊಮ್ಮೆ ಲಸಿಕೆ, ಮೂರು ತಿಂಗಳಿಗೊಮ್ಮೆ ಜಂತಿನ ಔಷಧ ನಿಮ್ಮ ಪಾಲು.

ನಾಯಿಮರಿಗೆ ಈಗಾಗಲೇ ಮುಂಗಡ ಕೊಟ್ಟವರು ಹಣ ಪೂರ್ತಿ ಮರಳಿ ಪಡೆಯಬಹುದು, ಇಲ್ಲವೇ ಹೊಸ ಸರದಿಯಲ್ಲಿ ಹೆಸರು ಬರೆಸಬಹುದು. ಕೋಳಿಮರಿಯ ದರ, ಲಸಿಕೆ, ಕೊಡುವ ದಿನ ಯಾವುದೂ ಬದಲಾಗಿಲ್ಲ.

ನಾಯಿ ಒಯ್ಯಲು ಬೆಳಿಗ್ಗೆಯೇ ಬನ್ನಿ. ಮನೆಯಲ್ಲಿ ದಿನವೂ ಅದಕ್ಕೆ ಅನ್ನ ಹಾಕುವವರು, ಅಕ್ಕನೋ ಅಜ್ಜನೋ, ತಪ್ಪದೆ ಜೊತೆಗೆ ಬರಲಿ. ನಾಯಿ ಮಾತು ಕೇಳುವುದು ಅವರದ್ದನ್ನೇ. ಊರು ಮುಟ್ಟಿದ ಮೇಲೆ ಹತ್ತು ದಿನ ಗೂಡಿನ ಪಕ್ಕ ನೆರಳಲ್ಲಿ ಕಟ್ಟಿ, ನೀರಿಡಿ. ನಿಮ್ಮ ಕೋಳಿಗಳೂ ಅದರ ವಾಸನೆಗೆ ಹೊಂದಿಕೊಳ್ಳಬೇಕಲ್ಲ.

ಇಂತಿ,
ಸಂಘದ ಸದಸ್ಯರು