ಹತ್ತು ಗಂಟೆಗೆ ಬೀಳೋ ಬೀಗ: ನಮ್ಮ ಕ್ಷೇತ್ರದ ಶಾಸಕರಿಗೆ ಬಹಿರಂಗ ಪತ್ರ

ಮಾನ್ಯ ಶಾಸಕರೇ, ನಮಸ್ಕಾರ.

ನಮ್ಮ ಲೇಔಟಿನ ಪಾರ್ಕಿನ ಬೀಗ ತೆಗೆಸಿಕೊಡಿ ಸಾರ್. ಕೇಳ್ಬೇಕಾಗಿರೋದು ಇದೊಂದೇ, ಅದಕ್ಕೇ ಮೊದಲೇ ಹೇಳ್ಬಿಟ್ಟೆ.

ಬೆಂಗಳೂರಿನ ಪಾರ್ಕುಗಳು ಬೆಳಿಗ್ಗೆ 5ರಿಂದ ರಾತ್ರಿ 10ರವರೆಗೆ ತೆರೆದಿರ್ಬೇಕು ಅಂತ 2024ರಲ್ಲೇ ಹೇಳಿದ್ದಾರೆ, ನಿಮಗೆ ಗೊತ್ತಿರೋದೇ. ನಮ್ಮಲ್ಲಿ ಬೆಳಿಗ್ಗೆ ಹತ್ತಾಯ್ತು ಅಂದ್ರೆ ಬೀಗ, ಮತ್ತೆ ತೆಗೆಯೋದು ಸಂಜೆ ನಾಲ್ಕಕ್ಕೆ, ಏಳೂವರೆಗೆಲ್ಲಾ ಸೀಟಿ ಊದಿ ಎಲ್ರನ್ನೂ ಎಬ್ಬಿಸ್ತಾರೆ. ನಾನು ಮೈಸೂರು ರಸ್ತೆ ಟ್ರಾಫಿಕ್ ದಾಟ್ಕೊಂಡು ಮನೆ ಸೇರೋದೇ ಎಂಟಕ್ಕೆ. ದಿನಾ ಅರ್ಧ ಗಂಟೆ ನಡೀರಿ ಅಂತಾರೆ ಡಾಕ್ಟ್ರು, ಎಲ್ಲಿ ನಡೀಲಿ, ಫುಟ್‌ಪಾತೇ ಇಲ್ದಿರೋ ರೋಡಲ್ಲಿ ಟ್ಯಾಂಕರ್ ಪಕ್ಕದಲ್ಲಾ?

ನನ್ನದು ಹಾಗಿರ್ಲಿ. ಹೋದ ಏಪ್ರಿಲಲ್ಲಿ ನಡೆದಿದ್ದು ಕೇಳಿ. ನಮ್ಮ ತಂದೆಗೆ 74, ಶುಗರ್ ಇದೆ. ವಾಕಿಂಗ್ ಮುಗಿಸಿ ಹಿಂದ್ಗಡೆ ಹೊಂಗೆ ಮರದ ಕೆಳಗೆ ಕೂತಿದ್ದಾರೆ, ಒಳಗೆ ಯಾರಾದ್ರೂ ಇದಾರಾ ಅಂತ ನೋಡದೇ ಬೀಗ ಹಾಕ್ಕೊಂಡು ಹೋಗಿದ್ದಾರೆ, ಇವ್ರು ಫೋನ್ ಮನೇಲೇ ಬಿಟ್ಟಿದ್ರು, ಗೇಟ್ ಹಿಡ್ಕೊಂಡು ಕೂಗಿ ಕೂಗಿ ಸುಸ್ತಾಗಿ ಅಲ್ಲೇ ನೆಲದ ಮೇಲೆ ಕೂತಿದ್ದಾರೆ. ಹನ್ನೆರಡೂವರೆಗೆ ಸೊಪ್ಪು ಮಾರೋ ಅಮ್ಮ ನೋಡಿ ಓಡ್ಬಂದು ಹೇಳಿದ್ರು. ಬೀಗದ ಕೈ ಇರೋ ಹುಡುಗ ಬರೋಷ್ಟ್ರಲ್ಲಿ ಇನ್ನೂ ಮುಕ್ಕಾಲು ಗಂಟೆ. ಗ್ರಿಲ್ ಸಂದಿಯಿಂದ ನಮ್ಮಪ್ಪನಿಗೆ ಸಕ್ಕರೆ ನೀರು ಕುಡಿಸಿದೆ ಸಾರ್ ನಾನು. ಅವ್ರ ಕೈ ನಡುಗ್ತಿತ್ತು. ಆ ಹುಡುಗನನ್ನ ಬೈಯಲ್ಲ, ಅವನೊಬ್ಬನೇ ಮೂರು ಪಾರ್ಕ್ ನೋಡ್ಕೋಬೇಕಂತೆ. ಆವತ್ತಿಂದ ಅಪ್ಪ ಪಾರ್ಕಿನ ಕಡೆ ಹೋಗೇ ಇಲ್ಲ.

ಅರ್ಜಿ ಮೂರು ಸಲ ಕೊಟ್ವಿ. ಒಂದ್ಸಲ ಸಿಬ್ಬಂದಿ ಇಲ್ಲ ಅಂದ್ರು, ಇನ್ನೊಂದ್ಸಲ ತೆಗೆದಿಟ್ರೆ ಹುಡುಗ್ರು ಬಂದು ಕೂರ್ತಾರೆ ಅಂದ್ರು. ಕೂರ್ಲಿ ಬಿಡಿ, ಪಾರ್ಕಲ್ಲಿ ಕೂರದೆ ಇನ್ನೆಲ್ಲಿ ಕೂರ್ಬೇಕು? ಕಾರ್ಪೊರೇಟರ್‌ಗಳ ಅವಧಿ 2020ರ ಸೆಪ್ಟೆಂಬರಲ್ಲೇ ಮುಗೀತು, ಆಮೇಲೆ ವರ್ಷಗಟ್ಟಲೆ ಎಲೆಕ್ಷನ್ನೇ ನಡೀಲಿಲ್ಲ, ನಾವು ನಿಮ್ಮನ್ನ ಬಿಟ್ಟು ಯಾರ ಹತ್ರ ಹೋಗೋದು.

ಪಾರ್ಕು ಮೈದಾನ ಉಳಿಸೋಕೆ ಅಂತಾನೇ 1985ರ ಕಾಯ್ದೆ ಇದೆ. ರಾಜಮಹಲ್ ವಿಲಾಸ್ ಬಡಾವಣೇಲಿ ಪಾರ್ಕಿನ ಜಾಗವನ್ನ ಖಾಸಗಿ ನರ್ಸಿಂಗ್ ಹೋಮಿಗೆ ಕೊಟ್ಟಾಗ ಅಲ್ಲಿಯ ಜನ ಸುಪ್ರೀಂ ಕೋರ್ಟ್ ತನಕ ಹೋರಾಡಿ 1991ರಲ್ಲಿ ಗೆದ್ರು. ನಮ್ಮ ಪಾರ್ಕನ್ನ ಯಾರೂ ಕಿತ್ಕೊಂಡಿಲ್ಲ, ಮರ ಇದೆ, ಬೆಂಚಿದೆ, ಮಕ್ಕಳ ಉಯ್ಯಾಲೆ ಇದೆ, ಬೇಸಿಗೆ ರಜೆಯಲ್ಲಿ ಮಕ್ಳು ಗೇಟ್ ಹೊರಗೆ ನಿಂತು ಅದನ್ನ ನೋಡ್ತಿರ್ತಾವೆ. ಒಂದು ಬೀಗಕ್ಕೋಸ್ಕರ ನಾವೂ ಕೋರ್ಟಿಗೆ ಹೋಗ್ಬೇಕಾ?

ಬೀಗ ತೆಗೆಸಿ. ರಾತ್ರಿ ಹತ್ತರ ತನಕ ತೆಗೆದಿರ್ಲಿ. ಅಷ್ಟಾಗಲ್ಲ ಅಂದ್ರೆ ಒಂದು ಕೀಲಿ ನಮ್ಮ ಬೀದಿಯವರ ಕೈಗಾದ್ರೂ ಕೊಡ್ಸಿ, ಸರದಿ ಹಾಕ್ಕೊಂಡು ನಾವೇ ಬೀಗ ತೆಗೀತೀವಿ, ನಾವೇ ಹಾಕ್ತೀವಿ, ಒಳಗೆಲ್ಲ ಒಂದು ಸುತ್ತು ನೋಡ್ಕೊಂಡೇ ಹಾಕ್ತೀವಿ.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ಮತದಾರಳು