ಸರಪಳಿ ಮರದ ಹಿಂದಿನ ಚರಿತ್ರೆ ಹುಡುಕಿ

ಮಾನ್ಯರೇ,

ವಯನಾಡಿನ ಲಕ್ಕಿಡಿಯಲ್ಲಿರುವ ಸರಪಳಿ ಮರವನ್ನು ಪ್ರವಾಸಿಗರಿಗೆ ಬರೀ ದೆವ್ವದ ಮರವೆಂದು ತೋರಿಸುವುದು ನಿಲ್ಲಬೇಕು. ಮೈಸೂರು–ಕೋಯಿಕ್ಕೋಡ್ ರಸ್ತೆಯಲ್ಲಿ ಹೋಗುವ ನಮ್ಮವರೂ ಅಲ್ಲಿ ಫೋಟೊ ತೆಗೆದುಕೊಂಡು ಮುಂದೆ ಹೋಗುತ್ತಾರೆ.

ತಾಮರಶ್ಶೇರಿ ಘಾಟಿಯ ದಾರಿ ತೋರಿಸಿದ ಪಣಿಯ ಬುಡಕಟ್ಟಿನ ಕರಿಂತಂಡನ್‌ನನ್ನು ಬ್ರಿಟಿಷ್ ಎಂಜಿನಿಯರ್ ಕೊಂದನಂತೆ. ಅವನ ಆತ್ಮ ದಾರಿಹೋಕರನ್ನು ಕಾಡತೊಡಗಿದಾಗ ಅದನ್ನು ಸರಪಳಿಯಿಂದ ಮರಕ್ಕೆ ಬಂಧಿಸಿದರಂತೆ. ದಾರಿ ತೋರಿಸಿ ಪ್ರಾಣ ಕಳೆದುಕೊಂಡವನನ್ನೇ ಕಾಟ ಕೊಡುವವನನ್ನಾಗಿ ಮಾಡಿದ್ದು ಅನ್ಯಾಯ ಅಲ್ವಾ?

ಪಣಿಯರು ತಲೆಮಾರುಗಳ ಕಾಲ ಜೀತದಲ್ಲಿ ನರಳಿದವರು. ವಯನಾಡಿನ ವಳ್ಳಿಯೂರ್‌ಕಾವು ದೇವಸ್ಥಾನದ ಜಾತ್ರೆಯಲ್ಲಿ ಜಮೀನ್ದಾರರು ಅವರನ್ನು ವರ್ಷದ ದುಡಿಮೆಗೆ ಗೊತ್ತು ಮಾಡಿಕೊಳ್ಳುತ್ತಿದ್ದರು. ದೇಶದಲ್ಲಿ ಜೀತ ನಿಷೇಧ ಕಾಯ್ದೆ ಬಂದದ್ದೇ 1976ರಲ್ಲಿ. ಇಂಥ ಜನರ ಚರಿತ್ರೆ ಸರ್ಕಾರಿ ಕಡತಗಳಲ್ಲಿ ಜಾಸ್ತಿ ಸಿಗುವುದಿಲ್ಲ. ಹಿರಿಯರ ಹಾಡು, ಮಾತುಗಳನ್ನೂ ಕೇಳಬೇಕು.

ಕೊಡಗಿನಲ್ಲೂ ಪಣಿಯರಿದ್ದಾರೆ. ಹಾಗಾಗಿ ಮೈಸೂರಿನ ರಾಜ್ಯ ಬುಡಕಟ್ಟು ಸಂಶೋಧನಾ ಸಂಸ್ಥೆಯು ಕೋಯಿಕ್ಕೋಡಿನಲ್ಲಿರುವ ಕೇರಳ ಸರ್ಕಾರದ ಬುಡಕಟ್ಟು ಅಧ್ಯಯನ ಸಂಸ್ಥೆ ಕಿರ್ತಾಡ್ಸ್ ಜೊತೆ ಸೇರಿ ಈ ಕೆಲಸ ಕೈಗೊಳ್ಳಲಿ. ಪಣಿಯ ಯುವಜನರನ್ನೇ ಸಂಶೋಧಕರನ್ನಾಗಿ ನೇಮಿಸಲಿ. ಅವರು ಒಪ್ಪಿದ ಬರಹದ ಫಲಕವನ್ನು ಮಲಯಾಳ, ಕನ್ನಡ ಎರಡರಲ್ಲೂ ಮರದ ಬಳಿ ಹಾಕಲಿ.

– ಓದುಗ, ಗುಂಡ್ಲುಪೇಟೆ