ನಿನ್ನ ಕೋಟೆ ಓದಿದೆ ಕಣೇ ಪುಟ್ಟಿ

ಪುಟ್ಟಿಗೆ,

ಒಂದೇ ಮನೇಲಿ ಇದ್ಕೊಂಡು ಪತ್ರ ಯಾಕಮ್ಮ ಅಂತ ನಗಬೇಡ. ಈ ಮನೇಲಿ ನಿನ್ನ ಹತ್ರ ಎರಡು ಮಾತು ನೆಟ್ಟಗೆ ಆಡೋಕೆ ಎಲ್ಲಿದೆ ಜಾಗ? ಅಡುಗೆಮನೇಲಿ ನಿನ್ನನ್ನ ಏನಾದ್ರೂ ಕೇಳಿದ್ರೆ ದೊಡ್ಡಮ್ಮ ಉತ್ತರ ಕೊಡ್ತಾರೆ, ಜಗುಲೀಲಿ ಕೇಳಿದ್ರೆ ಅಜ್ಜ ಕೆಮ್ಮಿ ತಾವೇ ಒಂದು ಕಥೆ ಶುರು ಮಾಡ್ತಾರೆ, ರಾತ್ರಿ ಮಲಗೋವಾಗ ಪಿಸುಗುಟ್ಟಿದ್ರೂ ಚಿಕ್ಕಪ್ಪನ ಮಕ್ಕಳು ಮೂರೂ ಕಿವಿ ನೆಟ್ಟಗೆ ಮಾಡ್ಕೊಂಡು ಬಿದ್ದಿರ್ತಾವೆ. ಅದಕ್ಕೇ ಬರೆದು ನಿನ್ನ ಸಮಾಜ ವಿಜ್ಞಾನದ ಬುಕ್ಕಲ್ಲಿ ಇಡ್ತಿದೀನಿ, ಅದನ್ನ ನೀನಲ್ದೆ ಇನ್ಯಾರೂ ತೆಗೆಯಲ್ಲ ಅನ್ನೋ ಧೈರ್ಯದ ಮೇಲೆ.

ತಿದ್ದು ಅಂತ ಕೊಟ್ಟಿದ್ಯಲ್ಲ "ನಾನು ಕಟ್ಟೋ ಕೋಟೆ" ಅನ್ನೋ ಪ್ರಬಂಧ, ಓದಿದೆ. ಕಾಗುಣಿತದ ತಪ್ಪೆಲ್ಲ ಪೆನ್ಸಿಲಲ್ಲಿ ಗುರುತು ಹಾಕಿದೀನಿ, ಅದು ಬಿಡು. ಸುತ್ತ ನೀರು, ಮೇಲಕ್ಕೆ ಎಳೆದುಬಿಡೋ ಸೇತುವೆ, ಎತ್ತರದ ಒಂದು ಗೋಪುರ, ಅದರ ತುದೀಲಿ ಒಂದು ರೂಮು, ರೂಮಲ್ಲಿ ನೀನು, ನಿನ್ನ ಪುಸ್ತಕ, ಜೊತೆಗೆ ನಮ್ಮ ಕರಿಯ (ನಾಯಿಗೆ ಜಾಗ ಕೊಟ್ಟು ಅಮ್ಮನ್ನ ಬಿಟ್ಟಿದೀಯ, ಇರಲಿ). ಹದಿನೇಳು ಜನರ ಮನೇಲಿ ಬಚ್ಚಲಿಗೆ ಕ್ಯೂ, ಚಾರ್ಜರ್‌ಗೆ ಜಗಳ, ಒಣಗಿದ ಬಟ್ಟೆ ರಾಶೀಲಿ ನಿಂದು ಯಾವುದು ಅಂತ ಹುಡುಕೋದು, ಲೋಟದ ಮೇಲೂ ತಟ್ಟೆ ಮೇಲೂ ಅಜ್ಜಿ ಹೆಸರೇ ಕೆತ್ತಿರೋದು, "ಈ ಮನೇಲಿ ನನ್ನ ಹೆಸರು ಇರೋ ಒಂದು ಚಮಚಾನೂ ಇಲ್ಲ" ಅಂತ ಬರೆದಿದೀಯಲ್ಲ, ಆ ಸಾಲು ಓದಿ ನಗು ಬಂತು, ಯಾಕಂದ್ರೆ ಮದುವೆಯಾಗಿ ಇಷ್ಟು ವರ್ಷ ಆದ್ರೂ ನನ್ನ ಹೆಸರಿನ ಚಮಚಾನೂ ಇಲ್ಲಿಲ್ಲ.

ಆದ್ರೆ ಒಂದು ವಿಷ್ಯಕ್ಕೆ ನಂದು ತಕರಾರಿದೆ. ನೀನು ಕೋಟೆ ಅಂದ್ರೆ ಒಬ್ಬಳೇ ಇರೋ ಜಾಗ ಅಂದ್ಕೊಂಡಿದೀಯ. ಯಾವ ಕೋಟೆಯೂ ಹಂಗಿರಲಿಲ್ಲ ಕಣೇ.

ನೀನು ಯೂಟ್ಯೂಬಲ್ಲಿ ನೋಡ್ತೀಯಲ್ಲ ಇಂಗ್ಲೆಂಡಿನ ಪಕ್ಕದ ವೇಲ್ಸಿನ ಕೋಟೆಗಳು, 1280ರ ಆಸುಪಾಸು ಇಂಗ್ಲೆಂಡಿನ ರಾಜ ಒಂದನೇ ಎಡ್ವರ್ಡ್ ಆ ಸೀಮೆ ಗೆದ್ದು ಕಟ್ಟಿಸಿದ್ದು, ಕಾನ್ವಿ, ಹಾರ್ಲೆಕ್, ಕರ್ನಾರ್ವನ್, ಆಮೇಲೆ ಬೊಮಾರಿಸ್. ಅಂಥ ಕೋಟೆಗಳ ಒಳಗೆ ಎಲ್ಲಕ್ಕಿಂತ ಮುಖ್ಯವಾಗಿ ಇರ್ತಿದ್ದದ್ದು ಒಂದು ದೊಡ್ಡ ಪಡಸಾಲೆ. ಊಟ, ಪಂಚಾಯ್ತಿ, ಬಂದವರ ಉಪಚಾರ, ಎಲ್ಲ ಅಲ್ಲೇ. ರಾತ್ರಿ ಆದ್ರೆ ಆಳುಕಾಳು ಅಲ್ಲೇ ನೆಲದ ಮೇಲೆ ಸಾಲಾಗಿ ಮಲಗೋದು. ದೊರೆಗೂ ದೊರೆಸಾನಿಗೂ ಒಂದು ಕೋಣೆ ಇರ್ತಿತ್ತು ನಿಜ, ಆದ್ರೆ ಅವರ ಸೇವೆಯವರೂ ಅದೇ ಕೋಣೇಲೋ ಬಾಗಿಲ ಬುಡದಲ್ಲೋ ಬಿದ್ಕೊಂಡಿರ್ತಿದ್ರು. ಮಂಚಕ್ಕೆ ಸುತ್ತ ಪರದೆ ಇರ್ತಿತ್ತಲ್ಲ, ಸಿನಿಮಾದಲ್ಲಿ ನೋಡಿದ್ರೆ ಶೋಕಿ ಅನ್ಸುತ್ತೆ, ಆದ್ರೆ ಅದು ಚಳಿ ತಡೆಯೋಕೂ ಹೌದು, ಕೋಣೇಲಿ ಇರೋ ಬೇರೆಯವರ ಕಣ್ಣು ತಪ್ಪಿಸೋಕೂ ಹೌದು. ಮಹಾರಾಣಿಗೂ ಒಂದು ಬಟ್ಟೆ ಅಡ್ಡ ಬಿಟ್ಕೊಂಡಷ್ಟೇ ಏಕಾಂತ.

ನಿನ್ನ ಹಂಗೆ ಒಬ್ಬರೇ ಗೋಪುರದ ತುದೀಲಿ ಕೂತಿರ್ತಿದ್ದೋರು ಯಾರು ಗೊತ್ತಾ? ಕಾವಲುಗಾರರು. ದೊಡ್ಡ ದೊರೆಗಳಿಗೆ ಒಂದೇ ಕೋಟೆ ಇರ್ತಿರಲಿಲ್ಲ. ಒಂದು ಕಡೆ ಸ್ವಲ್ಪ ದಿನ ಇದ್ದು, ಹಾಸಿಗೆ ಪರದೆ ಪಾತ್ರೆ ಪಗಡ ಎಲ್ಲ ಗಾಡಿಗೆ ಹೇರ್ಕೊಂಡು ಇನ್ನೊಂದಕ್ಕೆ ಹೊರಟುಬಿಡ್ತಿದ್ರು, ಹಿಂದೆ ಉಳಿಯೋರು ಒಬ್ಬ ಅಧಿಕಾರಿ, ಒಂದಿಷ್ಟು ಕಾವಲಿನವರು. 1294ರಲ್ಲಿ ವೇಲ್ಸಿನವರು ದಂಗೆ ಎದ್ದು ಹಾರ್ಲೆಕ್ ಕೋಟೆಗೆ ಮುತ್ತಿಗೆ ಹಾಕಿದಾಗ ಒಳಗಿದ್ದೋರು ಬರೀ 37 ಜನ ಅಂತೆ. ನಮ್ಮನೇಲಿ ಗೌರಿ ಹಬ್ಬಕ್ಕೆ ಅಷ್ಟು ಎಲೆ ಬೀಳುತ್ತೆ! ಅಷ್ಟು ಜನ ಇಟ್ಕೊಂಡೇ ಆ ಕೋಟೆ ಉಳೀತು, ಯಾಕಂದ್ರೆ ಬಂಡೆ ಪಕ್ಕದಲ್ಲೇ ಸಮುದ್ರದ ಕಡೆಗೆ ಇಳಿಯೋ ಮೆಟ್ಟಿಲು ಇತ್ತು, ಹಡಗಲ್ಲಿ ದವಸ ಬರ್ತಾ ಇತ್ತು. ಗೋಡೆ ಎಷ್ಟು ದಪ್ಪ ಇದ್ರೇನು, ಒಳಗಿರೋರಿಗೆ ಊಟ ಎಲ್ಲಿಂದ ಬರುತ್ತೆ ಅನ್ನೋದೇ ಕೊನೆಗೆ ಲೆಕ್ಕ. ನಿನ್ನ ಪ್ಲಾನಲ್ಲಿ ಅಡುಗೆಮನೆ ಎಲ್ಲಿದೆ ತಾಯಿ? ಬಾವಿ ಎಲ್ಲಿ? ಮೂರು ದಿನಕ್ಕೆ ಸೇತುವೆ ಇಳಿಸಿ "ಅಮ್ಮ, ರೊಟ್ಟಿ" ಅಂತ ಬರ್ತೀಯ ಅಷ್ಟೇ.

ಇನ್ನೊಂದು, ನೀನು ಬೊಮಾರಿಸ್ ಚಿತ್ರ ಬರೆದು ಗೋಪುರಗಳನ್ನೆಲ್ಲ ಮುಗಿಲಿಗೆ ಎತ್ತಿದೀಯ, ಅವು ಅಷ್ಟೆತ್ತರ ಏಳಲೇ ಇಲ್ಲ. 1295ರಲ್ಲಿ ಶುರು ಮಾಡಿದ್ರು, ಪ್ಲಾನ್ ಮಾತ್ರ ಕಣ್ಣಿಗೆ ಹಬ್ಬ, ಒಂದು ಗೋಡೆಯ ಒಳಗೆ ಇನ್ನೊಂದು ಗೋಡೆ, ಎಡಕ್ಕಿರೋದೇ ಬಲಕ್ಕೆ. ಅಷ್ಟರಲ್ಲಿ ರಾಜನಿಗೆ ಸ್ಕಾಟ್ಲೆಂಡಿನ ಯುದ್ಧ ಗಂಟುಬಿತ್ತು, ದುಡ್ಡು ಖಾಲಿ ಆಯ್ತು, ಕೆಲಸ ಅರ್ಧಕ್ಕೇ ನಿಂತಿದ್ದು ಇವತ್ತಿಗೂ ಹಂಗೇ ನಿಂತಿದೆ. ನಮ್ಮೂರಲ್ಲಿ ಆರ್‌ಸಿಸಿ ಹಾಕಿ, ಮುಂದಿನ ವರ್ಷ ಮೇಲ್ಗಡೆ ಕಟ್ತೀವಿ ಅಂತ ಕಬ್ಬಿಣದ ಸರಳು ಮೇಲಕ್ಕೆ ಬಿಟ್ಟಿರ್ತಾರಲ್ಲ, ಥೇಟ್ ಅದೇ.

ಮತ್ತೆ ಆ ಸುತ್ತು ಮೆಟ್ಟಿಲು, ಮೇಲಿಂದ ಇಳಿಯೋನ ಬಲಗೈ ಕತ್ತಿಗೆ ಜಾಗ ಸಿಗಲಿ ಅಂತ ಹತ್ತೋವಾಗ ಬಲಕ್ಕೇ ತಿರುಗೋ ಹಂಗೆ ಕಟ್ತಿದ್ರು ಅಂತ ಬರೆದಿದೀಯ. ಎಲ್ಲ ವಿಡಿಯೋದಲ್ಲೂ ಹಂಗೇ ಹೇಳ್ತಾರೆ, ಗೊತ್ತು. ಆದ್ರೆ ಎಡಕ್ಕೆ ತಿರುಗೋ ಮೆಟ್ಟಿಲುಗಳೂ ಇದಾವೆ, ಕರ್ನಾರ್ವನ್‌ನಲ್ಲೇ ಇದಾವೆ, ಆ ಕತ್ತಿ ಕಥೇನ ಈಗ ಸುಮಾರು ಜನ ವಿದ್ವಾಂಸರು ಒಪ್ಪಲ್ಲ. ನಾನು ಅದನ್ನ ಹೊಡೆದು ಹಾಕಿಲ್ಲ, ಪಕ್ಕದಲ್ಲಿ ಪ್ರಶ್ನೆ ಚಿಹ್ನೆ ಹಾಕಿದೀನಿ, ನೀನೇ ಹುಡುಕಿ ತೀರ್ಮಾನ ಮಾಡು. ಸ್ಕೂಲಿಗೆ ಕಳಿಸ್ದೆ ಮನೇಲಿ ಓದಿಸ್ತಿರೋದು ಅದಕ್ಕೇ ಅಲ್ವಾ. ಮೊನ್ನೆ ಮದುವೆ ಮನೇಲಿ ಯಾರೋ "ಹುಡುಗಿ ಸ್ಕೂಲಿಗೆ ಹೋಗಲ್ವಂತೆ, ಏನು ತೊಂದ್ರೆ" ಅಂತ ಕೇಳಿದಾಗ ನೀನು ತಲೆ ತಗ್ಗಿಸಿದೆ, ನಾನು ನೋಡಿದೆ. ತಲೆ ತಗ್ಗಿಸೋಂಥದ್ದು ಏನಿಲ್ಲ. ಹದಿನಾಲ್ಕು ತುಂಬಿದವರು ಓಪನ್ ಸ್ಕೂಲಲ್ಲಿ ಹತ್ತನೇ ಕ್ಲಾಸ್ ಕಟ್ಟಬಹುದು, ಐದು ಸಬ್ಜೆಕ್ಟು, ವರ್ಷಕ್ಕೆ ಎರಡು ಸಲ ಪರೀಕ್ಷೆ, ಎಲ್ಲರಿಗೂ ಕೊಡೋ ಹಂಗೇ ಸರ್ಟಿಫಿಕೇಟು. ಇನ್ನೊಂದ್ಸಲ ಯಾರಾದ್ರೂ ಕೇಳಿದ್ರೆ ದೊಡ್ಡಪ್ಪನ ಕಡೆ ಕೈ ತೋರಿಸು, ಅವರು ಅಡಿಕೆ ಕ್ವಿಂಟಾಲ್ ಲೆಕ್ಕದಲ್ಲಿ ನಿಂಗೆ ಶೇಕಡಾವಾರು ಕಲಿಸಿದ ಕಥೆ ಹೇಳೋಕೆ ಶುರು ಮಾಡಿದ್ರೆ ಕೇಳಿದೋರೇ ಎದ್ದು ಹೋಗ್ತಾರೆ. ಚಿಕ್ಕಮ್ಮನ ಬಿಎಸ್ಸಿ ಯಾವ ಉಪಯೋಗಕ್ಕೆ ಬಂತು ಅಂತ ಅವಳ ತವರಲ್ಲಿ ಆಡ್ಕೊಳ್ತಿದ್ರು, ಈಗ ನಿನ್ನ ಜೀವಶಾಸ್ತ್ರ ಪೂರ್ತಿ ಅವಳದ್ದೇ. ಇಬ್ಬರೇ ಇರೋ ಮನೇಲಿ ಮಕ್ಕಳನ್ನ ಹಿಂಗೆ ಓದಿಸೋಕೆ ನಂಗಂತೂ ಧೈರ್ಯ ಬರ್ತಿರಲಿಲ್ಲ.

ಸರಿ, ನಮ್ಮ ಚಿತ್ರದುರ್ಗಕ್ಕೆ ಬರ್ತೀನಿ. ಅರ್ಧ ಪ್ರಬಂಧ ವೇಲ್ಸಲ್ಲೇ ಕಳೆದಿದೀಯಲ್ಲ, ಬಸ್ಸಲ್ಲಿ ಒಂದು ಗಂಟೆ ದಾರಿ ಇರೋ ಏಳು ಸುತ್ತಿನ ಕೋಟೆಗೆ ಕೊಟ್ಟಿರೋದು ನಾಲ್ಕೇ ಸಾಲು, ಅದೂ ಓಬವ್ವ ಒನಕೆ ಅಷ್ಟೇ, ಟೂರಿಸ್ಟ್ ಬೋರ್ಡ್ ತರ. ವೇಲ್ಸಿನ ಕೋಟೆ ದೊರೆಯ ಮನೆ, ಸೈನ್ಯದ ಠಾಣ್ಯ. ಚಿತ್ರದುರ್ಗ ಹಂಗಲ್ಲ, ಬೆಟ್ಟಕ್ಕೆ ಬೆಟ್ಟವನ್ನೇ ಸುತ್ತಿ ಒಳಗೊಂದು ಊರನ್ನೇ ಇಟ್ಟಿದ್ರು. ಬಾಗಿಲಿಂದ ಬಾಗಿಲಿಗೆ ದಾರಿ ತಿರುಗ್ತಾ ಹೋಗುತ್ತಲ್ಲ, ಆನೆ ಓಡಿ ಬಂದು ಗುದ್ದೋಕೆ ನೆಟ್ಟಗಿನ ಜಾಗ ಸಿಗಬಾರದು ಅಂತ. ಆದ್ರೆ ನಂಗೆ ಗೋಡೆಗಿಂತ ದೊಡ್ಡದು ಅನ್ಸೋದು ನೀರು. ಮೇಲೆ ಗೋಪಾಲಸ್ವಾಮಿ ಹೊಂಡ, ಅದು ತುಂಬಿದ್ರೆ ಅಕ್ಕ ತಂಗಿ ಹೊಂಡಕ್ಕೆ, ಅಲ್ಲಿಂದ ಇಳೀತಾ ಇಳೀತಾ ಸಿಹಿನೀರು ಹೊಂಡ, ಕೊನೆಗೆ ಊರೊಳಗಿನ ಸಂತೆ ಹೊಂಡ. ಮಳೆ ಕಮ್ಮಿ ಇರೋ ಸೀಮೇಲಿ ಬಂಡೆ ಮೇಲೆ ಬಿದ್ದ ನೀರನ್ನ ಒಬ್ಬರಾದ ಮೇಲೆ ಒಬ್ಬರಿಗೆ ದಾಟಿಸ್ಕೊಂಡು ಬಂದ್ರು. ಎಣ್ಣೆ ಕೊಳ, ತುಪ್ಪದ ಕೊಳ, ಕಣಜ ಎಲ್ಲ ಇದೆ ಮೇಲೆ. ಆ ಸಿಡಿಮದ್ದು ಬೀಸೋ ಕಲ್ಲು ನಾಲ್ಕು ಒಂದೇ ಗುಂಡೀಲಿ ನಿಂತಿದಾವಲ್ಲ, ನೀನು ಚಿಕ್ಕವಳಿದ್ದಾಗ "ಇಷ್ಟು ದೊಡ್ಡ ಕಲ್ಲಲ್ಲಿ ಎಷ್ಟು ಜನಕ್ಕೆ ದೋಸೆ ಹಿಟ್ಟು ರುಬ್ತಿದ್ರು" ಅಂತ ಕೇಳಿದ್ದೆ, ನಿಮ್ಮಪ್ಪ ಇವತ್ತಿಗೂ ಹೇಳ್ಕೊಂಡು ನಗ್ತಾರೆ.

ಓಬವ್ವನ ಕಥೇನೂ ಸ್ವಲ್ಪ ನಿಧಾನಕ್ಕೆ ನೋಡು. ಗಂಡ ಕಾವಲಿಂದ ಊಟಕ್ಕೆ ಬಂದಿದಾನೆ, ಇವಳು ನೀರು ತರೋಕೆ ಹೋಗಿದಾಳೆ, ಕಿಂಡಿ ಹತ್ರ ಹೈದರನ ಕಡೆಯವರ ಸದ್ದು. ಊಟಕ್ಕೆ ಕೂತೋರನ್ನ ಎಬ್ಬಿಸಬಾರದು ಅಂತ ಅವಳೇ ಒನಕೆ ಎತ್ಕೊಂಡು ನಿಂತಳು ಅಂತ ತಾನೆ ಹೇಳ್ತಾರೆ. ಇದು ನಮ್ಮನೆ ಯಾವ ಹೆಂಗಸಿಗೂ ಹೇಳಿಕೊಡಬೇಕಾಗಿಲ್ಲ, ಬಡಿಸೋಳು ಒಬ್ಬಳು, ನೀರಿಗೆ ಹೋಗೋಳು ಇನ್ನೊಬ್ಬಳು, ಗೇಟಲ್ಲಿ ಯಾರೋ ಬಂದ್ರು ಅಂದ್ರೆ ಉಣ್ಣೋರು ಉಣ್ಣಲಿ ಅಂತ ನಾವೇ ಏಳೋದು. ಎಲ್ಲರೂ ಅವಳ ಧೈರ್ಯ ಹಾಡಿ ಹೊಗಳ್ತಾರೆ, ಸರಿ. ಅವನು ಒಂದು ತುತ್ತು ಬಿಟ್ಟು ಎದ್ದು ಬಂದಿದ್ರೆ ಏನಾಗ್ತಿತ್ತು ಅಂತ ಮಾತ್ರ ಯಾರೂ ಕೇಳಲ್ಲ. ನೀನು ಕೇಳು. ಪ್ರಬಂಧದಲ್ಲೇ ಬರಿ, ಅಜ್ಜ ಓದಿದ್ರೆ ಓದಲಿ. ಆ ಕಿಂಡಿ ಒಳಗೆ ಹೋಗೋವಾಗ ಪಕ್ಕಕ್ಕೆ ತಿರುಗಿ ಬಗ್ಗಿ ನುಸೀಬೇಕು ನೆನಪಿದ್ಯಾ, ಭುಜ ತಾಗೋ ಕಡೆ ಕಲ್ಲು ನುಣ್ಣಗೆ ಎಣ್ಣೆ ಸವರಿದ ಹಂಗಿದೆ, ಬಂದು ಹೋದ ಜನರೆಲ್ಲ ಉಜ್ಜಿ ಉಜ್ಜಿ. ಅಂಥದ್ದನ್ನ ಬರಿ, ಅದು ಯಾವ ವಿಡಿಯೋದಲ್ಲೂ ಸಿಗಲ್ಲ.

ಅಷ್ಟು ಗೋಡೆ, ಅಷ್ಟು ನೀರು, ಅಷ್ಟು ದವಸ ಇದ್ದೂ 1779ರಲ್ಲಿ ಹೈದರಾಲಿ ಕೋಟೆ ಹಿಡಿದ, ಮದಕರಿ ನಾಯಕನ್ನ ಸೆರೆ ಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದ. ಒಳಗಿನವರೇ ಕೈಕೊಟ್ರು ಅಂತ ನಮ್ಮ ಕಡೆ ಜನ ಇವತ್ತಿಗೂ ಬಾಯ್ತುಂಬಾ ಬೈತಾರೆ. ಅದನ್ನೂ ಸುಮ್ನೆ ನಂಬಬೇಡ, ಬೈಯೋರ ಮಾತು ಬೇರೆ ಚರಿತ್ರೆ ಬೇರೆ.

ಫ್ರಾನ್ಸಿನ ಗೆಡಲೋನ್ ಬಗ್ಗೆ ಬರೆದ ಪುಟ ಮಾತ್ರ ನಂಗೆ ತುಂಬಾ ಹಿಡಿಸ್ತು. 1997ರಿಂದ ಕಾಡಿನ ಮಧ್ಯೆ, ಹಳೇ ಕಲ್ಲು ಗಣಿ ಹತ್ರ, ಹದಿಮೂರನೇ ಶತಮಾನದ ತರದ್ದೇ ಸಲಕರಣೆ ಇಟ್ಕೊಂಡು ಕೋಟೆ ಕಟ್ತಾನೇ ಇದಾರೆ, ಮನುಷ್ಯರು ಚಕ್ರದೊಳಗೆ ನಡೆದೂ ನಡೆದೂ ಕಲ್ಲು ಎತ್ತೋದು, ಗಾಡಿಗೆ ಕುದುರೆ. ನೀನು ಅಲ್ಲಿ ಕಲ್ಲು ಕೆತ್ತೋ ಕೆಲಸಕ್ಕೆ ಸೇರ್ತೀನಿ ಅಂತ ಬರೆದಿದೀಯ. ನಿಮ್ಮಪ್ಪನಿಗೆ ಆ ಪುಟ ತೋರಿಸಿಲ್ಲ ಇನ್ನೂ. ಮೊದಲು ಹತ್ತನೇ ಕ್ಲಾಸು ಮುಗಿಸು, ಆಮೇಲೆ ಪಾಸ್‌ಪೋರ್ಟ್ ಮಾತು. ಆದ್ರೆ ದುರ್ಗದ ಬಂಡೆ ಮೇಲೆ ಸಾಲಾಗಿ ಬೆಣೆ ಹೊಡೆದ ತೂತು ಇದಾವಲ್ಲ, ಕಲ್ಲು ಸೀಳೋಕೆ ಮಾಡಿದ್ದು, ಒಂದಕ್ಕೂ ಇನ್ನೊಂದಕ್ಕೂ ಎಷ್ಟು ಅಂತರ ಅಂತ ಅಳೆದು ಬರ್ಕೋ. ಗೆಡಲೋನಿನವರು ಏನು ಮಾಡ್ತಾರೆ ಅಂತ ಪಕ್ಕದಲ್ಲಿ ಇಟ್ಟು ನೋಡಬಹುದು.

ಈಗ ರೂಮಿನ ವಿಷ್ಯ. ಹದಿನೈದು ವರ್ಷದ ಹುಡುಗಿಗೆ ಬಾಗಿಲು ಇರೋ ಒಂದು ಜಾಗ ಬೇಕು ಅನ್ಸೋದು ಸೊಕ್ಕೇನಲ್ಲ, ಅಜ್ಜಿ ಹಂಗಂದ್ರೂ ನಾನು ಅನ್ನಲ್ಲ. ದೊಡ್ಡಪ್ಪನ ಹತ್ರ ಮಾತಾಡಿದೀನಿ. ಅಟ್ಟದ ಮೇಲೆ ಅಡಿಕೆ ಮೂಟೆ ಇಡೋ ಕೋಣೆ ಇದ್ಯಲ್ಲ, ಅದರಲ್ಲಿ ಅರ್ಧ ನಿಂಗೆ. ಕಿಟಕಿ ಇರೋ ಅರ್ಧಾನೇ ಕೇಳಿ ತಗೊಂಡಿದೀನಿ. ಕೊಯ್ಲು ಶುರುವಾದ್ರೆ ಮೂಟೆ ನಿನ್ನ ಕಡೆಗೂ ಸರಿದು ಬರುತ್ತೆ, ವಾಸನೆ ಅಂತ ಮೂಗು ಮುಚ್ಕೊಂಡು ಕೆಳಗೆ ಓಡಿ ಬರಬಾರದು. ಒಳಗಿಂದ ಚಿಲಕ ಹಾಕಿಸ್ತೀನಿ, ಆದ್ರೆ ರಾತ್ರಿ ಹಾಕಬಾರದು ಅಂತ ಅಜ್ಜಿ ಶರತ್ತು, ಅದಕ್ಕೆ ವಾದ ಮಾಡ್ಬೇಡ, ನಾನು ಮಾಡಿ ಸೋತಾಗಿದೆ. ಬೆಳಿಗ್ಗೆ ಹತ್ತರಿಂದ ಹನ್ನೆರಡು ನಿನ್ನ ಓದಿನ ಹೊತ್ತು, ಆಗ ಯಾರೂ ಮೇಲೆ ಹತ್ತಲ್ಲ, ಪುಟಾಣಿಗಳಿಗೂ ಹೇಳಿದೀನಿ, ಎಷ್ಟು ದಿನ ಕೇಳ್ತಾವೋ ನೋಡೋಣ. ಚಾರ್ಜಿಂಗ್ ಪಾಯಿಂಟ್ ಮಾತ್ರ ಕೇಳಬೇಡ, ಅಲ್ಲಿಗೆ ವೈರ್ ಎಳೆಸೋಕೆ ಮಳೆಗಾಲ ಮುಗೀಬೇಕು.

ಈ ಭಾನುವಾರ ದುರ್ಗಕ್ಕೆ ಹೋಗೋಣ, ನಾವಿಬ್ಬರೇ, ಮೊದಲ ಬಸ್ಸಿಗೆ. ಯಾರಿಗೂ ಬಾಯಿ ಬಿಡಬೇಡ, ಒಬ್ಬರಿಗೆ ಗೊತ್ತಾದ್ರೆ ಚಿಕ್ಕಪ್ಪನ ಬೊಲೆರೋ ತುಂಬಾ ಜನ, ಜೊತೆಗೆ ಚಿತ್ರಾನ್ನದ ಡಬರಿ. ಮೆಣಸಿನಕಾಯಿ ಬಜ್ಜಿ ಅಲ್ಲೇ ಕೊಡಿಸ್ತೀನಿ. ಅಳೆಯೋಕೆ ಹೊಲಿಗೆ ಟೇಪ್ ಸಾಲಲ್ಲ, ದೊಡ್ಡಪ್ಪನ ಹತ್ರ ಉದ್ದದ್ದು ಒಂದಿದೆ, ಅದನ್ನ ಇಸ್ಕೊಂಡಿರು. ಯಾಕೆ ಅಂದ್ರೆ ತೋಟದ ಪೈಪ್ ಲೈನಿಗೆ ಅಮ್ಮ ಕೇಳಿದ್ರು ಅನ್ನು.

ನಿನ್ನ
ಅಮ್ಮ